ಮಾವನ ಹತ್ತನೆಯ ಕೆಲಸಗಾರ್ತಿ

ಆಫೀಸರನ್ನು ಕಂಡು ಓಡುವ ಮಾಲೀಕರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಆಫೀಸರೇ ಹೆದರಿ ಓಡುವಂಥ ಮಾಲೀಕನನ್ನು ನೋಡಬೇಕಾದರೆ ನನ್ನ ಸೋದರಮಾವನನ್ನೇ ನೋಡಬೇಕು!

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಸಾಸ್ತಾನದ ಹತ್ತಿರ ಮಾವನದೊಂದು ಪುಟ್ಟ ಗೇರುಬೀಜದ ಕಾರ್ಖಾನೆ, ಕೆಲಸಕ್ಕೆ ಒಂಬತ್ತು ಮಂದಿ ಹೆಂಗಸರು. ಅವರಿಗೆಲ್ಲ ಇ.ಎಸ್.ಐ. ಕಾರ್ಡು ಮಾಡಿಸಿಯೇ ಸೈ ಎಂದು ಮಾವನಿಗೆ ಹುಚ್ಚು ಹಿಡಿದಿತ್ತು. ಕಾರ್ಡಿದ್ದರೆ ಆಸ್ಪತ್ರೆಯ ಖರ್ಚು ತಲೆಯ ಮೇಲೆ ಬೀಳುವುದಿಲ್ಲ. ಒಂಬತ್ತರಲ್ಲಿ ಒಬ್ಬರಾದ ಸುಶೀಲಕ್ಕ ಹೊಟ್ಟೆಯ ಆಪರೇಷನ್ನನ್ನು ಎರಡು ವರ್ಷದಿಂದ ಮುಂದೂಡುತ್ತಲೇ ಇದ್ದರು. ಆದರೆ ಕಾನೂನಿಗೆ ಹತ್ತು ಮಂದಿ ಬೇಕು! ನಲವತ್ತು ಜನರನ್ನು ಒಂಬತ್ತೆಂದು ತೋರಿಸಲು ಒದ್ದಾಡುವ ಮಾಲೀಕರ ನಡುವೆ ಈ ಪುಣ್ಯಾತ್ಮ ಒಂಬತ್ತನ್ನು ಹತ್ತು ಮಾಡಲು ಹೊರಟಿದ್ದರು.

ವಾರಕ್ಕೆರಡು ಸಲ ಬಸ್ಸು ಹತ್ತಿ ಇ.ಎಸ್.ಐ. ಆಫೀಸಿಗೆ.

"ನನ್ನನ್ನೂ ಸೇರ್ಸಿ ಹತ್ತ್ ಮಾಡಿ ಮರಾಯ್ರೆ. ನಾನೂ ಕೆಲ್ಸ ಮಾಡ್ತಿಲ್ಯಾ?"

"ಮಾಲೀಕರನ್ನು ಕೆಲಸಗಾರರು ಅಂತ ಬರೆಯಲಿಕ್ಕೆ ಆಗುವುದಿಲ್ಲ."

ಮನೆಗೆ ಬಂದು ಇದನ್ನು ಹೇಳಿದರೆ ಅತ್ತೆ ಒಲೆಯ ಮುಂದಿನಿಂದಲೇ, "ನಾ ಮದಿ ಆಯಿ ಈ ಮನಿಗ್ ಬಂದಾಗ್ಳಿಂದ ಹೇಳ್ತಾ ಇಪ್ದ್ ಅದನ್ನೇ!" ಎಂದರು. ಕೊನೆಕೊನೆಗೆ ಮಾವ ಮೆಟ್ಟಿಲು ಹತ್ತುವುದು ಕಂಡರೆ ಆಫೀಸರು ಊಟಕ್ಕೆ ಎದ್ದುಬಿಡುತ್ತಿದ್ದರಂತೆ, ಬೆಳಿಗ್ಗೆ ಹತ್ತೂವರೆಗೆ!

ಸರಿ, ಹತ್ತನೆಯವರ ಬೇಟೆ ಶುರು. ಬ್ರಹ್ಮಾವರದ ಒಂದು ಮದುವೆಯಲ್ಲಿ ಪಾಯಸ ಬಡಿಸಲು ಬಂದವಳನ್ನೇ, "ಹ್ವಾಯ್, ಬೀಜ ಸುಲುಕೆ ಬತ್ರಾ?" ಎಂದು ಕೇಳಿದರು. ಆಕೆ ಮದುಮಗನ ತಂಗಿ, ಬ್ಯಾಂಕಿನಲ್ಲಿ ನೌಕರಿ! ಇಷ್ಟೊಂದು ಹಟ ಯಾಕೆಂದು ನನಗೋ ತಡೆಯಲಾರದ ಕುತೂಹಲ. ಕೇಳಿದರೆ, "ಅದೆಲ್ಲ ನಿಂಗೆಂತಕ್ಕೆ? ಜನ ಇದ್ರೆ ಹೇಳ್," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅಂತೂ ಗಿರಿಜಕ್ಕ ಸಿಕ್ಕಿದರು. ಬೇರೊಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ಬೀಜ ಸುಲಿದವರು. ಮಾವ ಅಂದೇ ಆಫೀಸರಿಗೆ ಫೋನು ಮಾಡಿದರು. "ಹತ್ತ್ ಆಯ್ತ್! ಬಂದ್ ಎಣ್ಸಿ ಕಾಣಿ!"

ಆಫೀಸರು ಬಂದ ದಿನ ನಾನೂ ಅಲ್ಲಿದ್ದೆ. ಎಣಿಸಿದರು. ಒಂಬತ್ತು. ಮತ್ತೆ ಎಣಿಸಿದರು. ಒಂಬತ್ತೇ! ಅವರು ಫೈಲು ಕಟ್ಟಿದರು. ಸುಶೀಲಕ್ಕನ ಮುಖ ಸಣ್ಣದಾಯಿತು. ಮಾವ ಬೆವರೊರೆಸಿಕೊಳ್ಳುತ್ತ ಇಡೀ ಕಾರ್ಖಾನೆ ಹುಡುಕಿದರು, ನಾವೂ ಹಿಂದೆಯೇ ಹೋದೆವು.

ಗಿರಿಜಕ್ಕ ಗೋಣಿಚೀಲಗಳ ಹಿಂದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು!

"ಆಫೀಸರ್ ಬಂದ್ರೆ ಅಡಗ್ಕಂಬ್ಕ್ ಅಲ್ದಾ ಒಡೆಯಾ? ಮುಂಚೆ ಇದ್ದಲ್ಲಿ ಹಾಂಗೇ ಹೇಳ್ತಿದ್ರ್."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವ ನಗಲಿಲ್ಲ. ಆಕೆಯ ಎದುರಿಗೆ ನೆಲದ ಮೇಲೆಯೇ ಕೂತುಬಿಟ್ಟರು.

"ನನ್ನಬ್ಬಿನೂ ಹೀಂಗೇ ಅಡಗ್ಕಂಡ್ ಕೂಕಂತಿದ್ಲ್ ಅಕ್ಕ. ಇಪ್ಪತ್ತ್ ವರ್ಷ ಬೀಜ ಸುಲ್ದ್ಲ್. ಕಡಿಗೆ ಹುಷಾರಿಲ್ದೆ ಬಿದ್ದಾಗ ಅವ್ಳ್ ಹೆಸ್ರ್ ಕಾರ್ಖಾನಿ ಒಂದ್ ಪುಸ್ತಕದಗೂ ಇರ್ಲಿಲ್ಲ. ನೀನ್ ಏಳ್."

ಮಾವನ ಅಬ್ಬಿ, ಎಂದರೆ ನನ್ನ ಅಜ್ಜಿ, ಬೀಜ ಸುಲಿಯುತ್ತಿದ್ದುದು ನನಗೆ ಗೊತ್ತಿತ್ತು. ಅಡಗಿ ಕೂರುತ್ತಿದ್ದುದನ್ನು ಯಾರೂ ಹೇಳಿರಲಿಲ್ಲ. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಮಾವ ಆಕೆಯ ಕೈ ಹಿಡಿದು ಮೇಜಿನ ಹತ್ತಿರ ಕರೆತಂದರು. ಆಫೀಸರು ಫೈಲು ಬಿಚ್ಚಿ, "ಹೆಸರು?" ಎಂದರು. ಗಿರಿಜಕ್ಕ ಹೆದರಿ ಮಾವನ ಮುಖ ನೋಡಿದರು.

"ಜೋರ್ ಹೇಳ್ ಅಕ್ಕ," ಎಂದರು ಮಾವ. ಹತ್ತನೆಯ ಹೆಸರು ಫೈಲಿಗೆ ಏರುವವರೆಗೂ ಅವರು ಆಕೆಯ ಕೈ ಬಿಡಲಿಲ್ಲ.