ರಾಜನ ಕುದುರೆನೆಗೆತದ ರದ್ದತಿ ಕುರಿತು

ಅಹಮದಾಬಾದ್ ಶಾಖಾ ಕಚೇರಿ, ಮನರಂಜನಾ ವಿಭಾಗ
ಸಂಖ್ಯೆ: ಮ.ವಿ./ಚದು/ರಾ.ನೆ./66
ದಿನಾಂಕ: 14.11.1966

ವಿಷಯ: ವಡೋದರಾ ಚದುರಂಗ ಪಂದ್ಯಾವಳಿಯ ಅಂತಿಮ ಆಟದಲ್ಲಿ ಶಾಖಾ ಸೂಪರಿಂಟೆಂಡೆಂಟರ ರಾಜನು ಕುದುರೆಯಂತೆ ನೆಗೆದ ಬಗ್ಗೆ.
ಉಲ್ಲೇಖ: ಕ್ಯಾಂಟೀನಿನಲ್ಲಿ ಕೇಳಿಬಂದ ನಗು.

ಸದರಿ ಸೂಪರಿಂಟೆಂಡೆಂಟ್ ಶ್ರೀ ಸತ್ಯಪ್ರಕಾಶರು ಗ್ರಂಥಾಲಯದ ಪುಸ್ತಕದಿಂದ ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭವನ್ನು ಮಳೆಗಾಲವಿಡೀ ಉರು ಹೊಡೆದು, ಗೆಲ್ಲಲಿರುವ ಶೀಲ್ಡಿಗಾಗಿ ಬೀರುವಿನ ಮೇಲಿನ ಕಡತಗಳನ್ನು ಮುಂಚಿತವಾಗಿಯೇ ತೆರವುಗೊಳಿಸಿ ವಡೋದರಾಕ್ಕೆ ತೆರಳಿದ್ದರು. ಪುಸ್ತಕ ಮುಗಿಯುವವರೆಗೆ ಅವರ ಆಟ ನಿರ್ದೋಷವಾಗಿತ್ತೆಂದು ದೃಢೀಕರಿಸಲಾಗಿದೆ. ಪುಸ್ತಕ ಮುಗಿದೊಡನೆ ಕೈ ಹಳೆಯ ರೂಢಿಗೆ ಮರಳಿ, ನಮ್ಮ ಮನೆಯಾಟದಲ್ಲಿ ರಾಜನಿಗೆ ಒಂದೇ ಸಲ ಸಲ್ಲುವ ಕುದುರೆನೆಗೆತವನ್ನು ಅಂತರರಾಷ್ಟ್ರೀಯ ನಿಯಮದ ಪಂದ್ಯದಲ್ಲಿ ಆಡಿಬಿಟ್ಟಿತು. ನೆಗೆತ ಅಸಿಂಧುವಾಗಿ, ಮುಟ್ಟಿದ ಕಾಯನ್ನೇ ನಡೆಸಬೇಕೆಂಬ ನಿಯಮದಂತೆ ರಾಜನು ಒಂದು ಮನೆ ಸರಿದು ತನ್ನದೇ ಒಂಟೆಗೆ ಅಡ್ಡ ನಿಂತು, ಸೂರತ್ ಶಾಖೆಯ ಗುಮಾಸ್ತ ಶ್ರೀ ಲಿಂಗರಾಜರಿಂದ ಹತನಾದನು. ಶೀಲ್ಡ್ ಸೂರತ್‌ಗೆ ಹೋಯಿತು. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಶಾಖೆಯ ಯಾವುದೇ ರಾಜನು ಇನ್ನು ಮುಂದೆ ನೆಗೆಯತಕ್ಕದ್ದಲ್ಲ. ನೆಗೆಯುವ ಇಚ್ಛೆಯುಂಟಾದಲ್ಲಿ ಮಂತ್ರಿಯ ಮೂಲಕ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು.

2. ನೆಗೆತದ ವೇಳೆ ಶ್ರೀ ಲಿಂಗರಾಜರು ಕೇಳಿದ, 'ಸಾಹೇಬ್ರ, ನಿಮ್ಮ ರಾಜಗ ಲಾಳಾ ಯಾವಾಗ ಹೊಡಿಸಿದ್ರಿ?' ಎಂಬ ಪ್ರಶ್ನೆಯನ್ನು ಕ್ಯಾಂಟೀನಿನಲ್ಲಿ ಪುನರುಚ್ಚರಿಸುವುದನ್ನು ನಿಷೇಧಿಸಲಾಗಿದೆ. ಸೂಪರಿಂಟೆಂಡೆಂಟರ ಚಹಾದ ಬಸಿಯಲ್ಲಿ ಹುರುಳಿಕಾಳು ಇಡುವುದನ್ನೂ ಪುನರುಚ್ಚಾರವೆಂದೇ ಪರಿಗಣಿಸಲಾಗುವುದು.

3. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಸೂಪರಿಂಟೆಂಡೆಂಟರು ಬಲ್ಲರು. ಆದರೂ ವಡೋದರಾದ ಮೇಜು ಡೊಂಕಾಗಿತ್ತೆಂದು ದಾಖಲಿಸಲಾಗಿದೆ.

4. ತೆರವಾದ ಜಾಗಕ್ಕೆ ಕಡತಗಳನ್ನು ಕೂಡಲೇ ಮರಳಿಸತಕ್ಕದ್ದು. ಆ ಖಾಲಿ ಜಾಗ ಕಂಡಾಗಲೆಲ್ಲ ಸೂಪರಿಂಟೆಂಡೆಂಟರಿಗೆ ದುಃಖವಾಗುತ್ತಿದೆ.

5. ಸದರಿ ನೆಗೆತವನ್ನು ಬಾಲ್ಯದಲ್ಲಿ ಕಲಿಸಿದವರು ಅವರ ತಾಯಿ ಶ್ರೀಮತಿ ಕಾಮಾಕ್ಷಮ್ಮನವರು. ಭಾನುವಾರಗಳಂದು ಅವರಿಗೆ ಸೋಲುವುದು ಈ ಆದೇಶದ ವ್ಯಾಪ್ತಿಗೆ ಬರುವುದಿಲ್ಲ. ಆಟದ ವಿವರ ಕೇಳಿ ಅವರು, 'ನೆಗೆದದ್ದು ಸರಿಯಾಗೇ ಇದೆ ಕಣೋ, ನೀನು ಇಳಿದ ಮನೆ ತಪ್ಪು. ಆಚೆ ಕಡೆ ಇಳಿದಿದ್ರೆ ಅವನಿಗೆ ದಿಕ್ಕೇ ತೋಚ್ತಿರಲಿಲ್ಲ' ಎಂದು ಅಭಿಪ್ರಾಯಪಟ್ಟಿರುತ್ತಾರೆ. ಕಾಯಿ ಜೋಡಿಸಿ ಪರಿಶೀಲಿಸಲಾಗಿ, ಅವರು ಹೇಳಿದ್ದು ನಿಜವೆಂದು ಕಂಡುಬಂದಿದೆ.

(ಸಹಿ)
ಸತ್ಯಪ್ರಕಾಶ
ಸೂಪರಿಂಟೆಂಡೆಂಟ್

ಪ್ರತಿಗಳು:
ಶ್ರೀ ಲಿಂಗರಾಜ, ಸೂರತ್ ಶಾಖೆ: ಶೀಲ್ಡನ್ನು ಆಗಾಗ ಒರೆಸುತ್ತಿರಬೇಕೆಂಬ ಕೋರಿಕೆಯೊಂದಿಗೆ.
ಕ್ಯಾಂಟೀನ್ ಗುತ್ತಿಗೆದಾರರು: ಹುರುಳಿಕಾಳು ಎಲ್ಲಿಂದ ಬಂತೆಂದು ವಿವರಣೆ ನೀಡಲು.
ವಡೋದರಾದ ಮೇಜು: ಮಾಹಿತಿಗಾಗಿ.
ಶ್ರೀಮತಿ ಕಾಮಾಕ್ಷಮ್ಮ, ಸೂಪರಿಂಟೆಂಡೆಂಟರ ಕ್ವಾರ್ಟರ್ಸ್: ಒಪ್ಪಿಗೆಗಾಗಿ. ಒಪ್ಪಿಗೆ ದೊರೆಯುವವರೆಗೆ ಈ ಸುತ್ತೋಲೆ ಜಾರಿಗೆ ಬರತಕ್ಕದ್ದಲ್ಲ.