ಎತ್ತಿ ಕುಡಿಯುವವರ ಬಾಟಲಿ

ನಂಜುಂಡಸ್ವಾಮಿಯವರ ವಂಶದಲ್ಲಿ ಬಾಯಿಟ್ಟು ಕಚ್ಚಿ ನೀರು ಕುಡಿದವರು ಒಬ್ಬರೂ ಇಲ್ಲ. ಲೋಟವಾಗಲಿ ಚೊಂಬಾಗಲಿ, ಗೇಣುದ್ದ ಮೇಲೆತ್ತಿ, ತಲೆ ಹಿಂದಕ್ಕೆ ಹಾಕಿ, ಗಟಗಟನೆ ಇಳಿಸುವುದೇ. ಎತ್ತಿ ಕುಡಿದ ಪಾತ್ರೆ ಎಂಜಲಾಗುವುದಿಲ್ಲ. ಎಂಜಲಾಗದ್ದನ್ನು ಯಾಕೆ ತೊಳೆಯಬೇಕು? ವಿಜಯನಗರದ ಅವರ ಮನೆಯಲ್ಲಿ ಈ ತರ್ಕಕ್ಕೆ ಎದುರಾಡಿದವರಿಲ್ಲ. (ಎದುರಾಡಲು ಬಾಯಿ ತೆರೆದವರಿಗೂ ಅವರು ನೀರು ಕುಡಿಸಿಯೇ ಕಳಿಸುತ್ತಿದ್ದರು.) ಹಾಗಾಗಿ ಅವರ ಸ್ಟೀಲ್ ಬಾಟಲಿಗೆ ಹೊರಗಡೆ ನಿತ್ಯ ಅಭ್ಯಂಜನ, ಒಳಗಡೆ ಮಾತ್ರ ಒಮ್ಮೆ ಕುಲುಕಿ ಚೆಲ್ಲಿದರೆ ಮುಗಿಯಿತು.

ಈಗ ಅವರ ಹೆಂಡತಿ ಸರೋಜಮ್ಮ ಆಸ್ಪತ್ರೆಯಲ್ಲಿದ್ದರು. ಪಿತ್ತಕೋಶದ ಕಲ್ಲಿನ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಹೊಟ್ಟೆ ಹಿಡಿತಕ್ಕೆ ಬರಲಿಲ್ಲ. ಒಂದು ಹೊತ್ತು ವಾಂತಿಯಾದರೆ ಇನ್ನೊಂದು ಹೊತ್ತು ಭೇದಿ. ಮೈ ಇಳಿದು, ಕೈ ಎತ್ತಿದರೆ ಬಳೆ ಮೊಣಕೈಗೆ ಜಾರುತ್ತಿತ್ತು. "ಹೊಟ್ಟೆ ಸರಿಹೋಗೋವರೆಗೂ ಮನೆಗೆ ಕಳಿಸಲ್ಲ. ಹೀಗೇ ಆದ್ರೆ ಕಷ್ಟ ಆಗುತ್ತೆ," ಎಂದಿದ್ದರು ಡಾಕ್ಟರು. ಆ 'ಕಷ್ಟ'ದ ಅರ್ಥ ಕೇಳುವ ಧೈರ್ಯ ನಂಜುಂಡಸ್ವಾಮಿಯವರಿಗೆ ಬರಲಿಲ್ಲ. ಹೆದರಿದ ಗಂಡಸು ಮೊದಲು ಮಾಡುವ ಕೆಲಸ ಯಾವುದು? ತಪ್ಪು ಯಾರದೆಂದು ಹುಡುಕುವುದು.

ಹುಡುಕಿದರು. ಸಿಕ್ಕಿದವಳು ಸೊಸೆ ಸಿಂಚನ. ಮಗ ದಿಲೀಪನೊಂದಿಗೆ ಬೋಗಾದಿಯ ಬಾಡಿಗೆ ಮನೆಯಲ್ಲಿದ್ದ ಅವಳು ಅತ್ತೆಗೆ ದಿನವೂ ಗಂಜಿ ಮಾಡಿ ತರುತ್ತಿದ್ದಳು. ಅವಳೋ ಬಾಟಲಿ ಕಚ್ಚಿಯೇ ಕುಡಿಯುವವಳು. ಸಾಲದ್ದಕ್ಕೆ ಅದನ್ನು ದಿನಾ ಸೋಪು ಹಾಕಿ ಉಜ್ಜುವವಳು. ಕೈ ಕೊಳಕಿಲ್ಲದಿದ್ದರೆ ಅಷ್ಟೊಂದು ಯಾಕೆ ಉಜ್ಜಬೇಕು?

"ನೋಡಮ್ಮ, ನಾಳೆಯಿಂದ ನಿನ್ ಗಂಜಿ ಬ್ಯಾಡ. ನೀನೂ ಬರೋದು ಬ್ಯಾಡ," ಎಂದರು ವಾರ್ಡಿನ ಬಾಗಿಲಲ್ಲೇ ನಿಲ್ಲಿಸಿ.

"ಯಾಕ್ ಮಾವ, ಏನಾಯ್ತು?"

"ಎಂಜಲು ಮುಸುರೆ ಗೊತ್ತಿಲ್ದೋರ ಕೈ ಅಡುಗೆ ತಿಂದ್ರೆ ಇನ್ನೇನಾಯ್ತದೆ? ನಾನು ಬಂದಾಗ್ಲಿಂದ ಆಸ್ಪತ್ರೆ ನೀರೂ ಮುಟ್ಟಿಸಿಲ್ಲ. ಮನೆ ನೀರು, ನನ್ ಬಾಟ್ಲಿ, ಅದೊಂದೇ ಅವ್ಳಿಗೆ ಹಿಡಿಯೋದು."

ಸಿಂಚನ ತುಟಿ ಕಚ್ಚಿಕೊಂಡು, ಗಂಜಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ದಿಲೀಪ ಅಂದಿನಿಂದ ಅಪ್ಪನ ಫೋನು ಎತ್ತಲಿಲ್ಲ. ಗಂಜಿ ನಿಂತಿತು, ಭೇದಿ ನಿಲ್ಲಲಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ಬಾಟಲಿಗೆ ನೀರು ತುಂಬುವಾಗ ಮುಚ್ಚಳ ಕೈಜಾರಿ ಬಿತ್ತು. ಒಳಗಿನ ರಬ್ಬರ್ ರಿಂಗು ಕಳಚಿಕೊಂಡಿತು. ಅದರ ಅಡಿಯಲ್ಲಿ ಕರ್ರಗೆ ಲೋಳೆ. ನಂಜುಂಡಸ್ವಾಮಿಯವರು ಬಾಟಲಿಯೊಳಕ್ಕೆ ಟಾರ್ಚು ಬಿಟ್ಟು ನೋಡಿದರು. ಸುತ್ತಲೂ ಬೂಷ್ಟು ಮಕ್ಕಳು ಮರಿ ಸಮೇತ ಸಂಸಾರ ಹೂಡಿತ್ತು. ಎಂಜಲು ಯಾವುದು, ಮಡಿ ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. (ಅವರೂ ಇದೇ ನೀರು ಕುಡಿದಿದ್ದರಲ್ಲ ಎನ್ನುವಿರಾ? ಅವರದು ಕಲ್ಲು ತಿಂದು ಕರಗಿಸುವ ಹೊಟ್ಟೆ. ಕಲ್ಲು ತೆಗೆಸಿಕೊಂಡವಳ ಹೊಟ್ಟೆ ಬೇರೆ.) ಅವರು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟರು. ನಾನೇ ಕೈಯಾರೆ ಕುಡಿಸಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಬಾಟಲಿಯನ್ನು ಕಸಕ್ಕೆ ಎಸೆಯಬಹುದಿತ್ತು. ಎಸೆದರೆ "ಬಾಟ್ಲಿ ಎಲ್ರೀ?" ಎಂಬ ಪ್ರಶ್ನೆ ಬರುತ್ತದೆ. ಸೊಸೆಯ ತಲೆಗೆ ಕಟ್ಟಿದ ತಪ್ಪು ಅವಳ ತಲೆಯಲ್ಲೇ ಉಳಿಯಬೇಕಾದರೆ ಬಾಟಲಿ ಹೊಳೆಯುತ್ತಾ ಆಸ್ಪತ್ರೆಗೆ ಹೋಗಲೇಬೇಕು. ಕಣ್ಣೀರು ಒರೆಸಿಕೊಳ್ಳುತ್ತಲೇ ಇಷ್ಟು ಲೆಕ್ಕ ಹಾಕಿದರು, ಪುಣ್ಯಾತ್ಮರು.

ಶುದ್ಧೀಕರಣ ಮಹಾಯಾಗ ಶುರುವಾಯಿತು. ಮೊದಲ ಆಹುತಿ ಹುಣಸೆಹಣ್ಣು, ಅದರ ಮೇಲೆ ಕಲ್ಲುಪ್ಪು, ಒಂದು ಹಿಡಿ ಅಕ್ಕಿ. ಕುಲುಕಿ ಕುಲುಕಿ ರಟ್ಟೆ ಬಿದ್ದುಹೋಯಿತು. ಕುದಿಯುವ ನೀರು ಹೊಯ್ದು ಹೆಬ್ಬೆರಳು ಸುಟ್ಟುಕೊಂಡರು. ವಿನೆಗರಿಗೆ ಅಡುಗೆ ಸೋಡ ಸುರಿದು ಮುಚ್ಚಳವನ್ನು ಅರ್ಧ ತಿರುಗಿಸುವಷ್ಟರಲ್ಲಿ ಅದು ಢಮ್ಮೆಂದು ಹಾರಿ, ಚಾವಣಿ ಮುಟ್ಟಿ, ಅವರ ಬೋಳುತಲೆಗೇ ಬಂದು ಬಡಿಯಿತು. ಇಷ್ಟಾದರೂ ತಳದ ಬೂಷ್ಟು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಸರೋಜಮ್ಮನ ಹಳೇ ನೈಟಿ ಹರಿದು ಕಡ್ಡಿಗೆ ಸುತ್ತಿ ತಿರುವಿದರು. ಕಡ್ಡಿ ಹೊರಬಂತು, ಬಟ್ಟೆ ಒಳಗುಳಿಯಿತು. ಇಕ್ಕಳ ಹಾಕಿ ಸಿಕ್ಕಷ್ಟು ಕಿತ್ತರು. ಉಳಿದದ್ದು ಕಣ್ಣಿಗೆ ಬೀಳಲಿಲ್ಲ. ಬೀಳಲಿಲ್ಲ ಎಂದ ಮೇಲೆ ಇಲ್ಲ ಎಂದುಕೊಂಡು ಹೊಸ ನೀರು ತುಂಬಿ ಹೊರಟರು.

ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಸಿಂಚನ ಕುಳಿತಿದ್ದಳು. ಸರೋಜಮ್ಮನೇ ಫೋನು ಮಾಡಿ ಕರೆಸಿಕೊಂಡಿದ್ದರು. ನಂಜುಂಡಸ್ವಾಮಿಯವರಿಗೆ ಅವಳ ಮುಖ ನೋಡಲಾಗಲಿಲ್ಲ.

"ನೀರು ಕೊಡಿ ಇತ್ಲಾಗೆ, ಗಂಟ್ಲು ಒಣಗೋಯ್ತು," ಎಂದರು ಸರೋಜಮ್ಮ. ಬಾಟಲಿ ಹತ್ತಿರ ಬಂದೊಡನೆ ಮೂಗು ಮುರಿದರು. "ಇದೇನ್ರೀ, ಪುಳಿಯೋಗರೆ ವಾಸ್ನೆ ಹೊಡೀತದೆ?"

"ಬಿಸಿನೀರು ಕಣೇ. ಅಂಗೇ ಇರ್ತದೆ."

ಎದ್ದು ಕೂರಲೂ ತ್ರಾಣವಿಲ್ಲದ ಸರೋಜಮ್ಮ, ಸೊಸೆ ಬೆನ್ನು ಹಿಡಿದುಕೊಂಡರೂ, ಎತ್ತಿಯೇ ಕುಡಿಯಲು ಹೋದರು. ನೀರು ಬಂತು, ನಿಂತಿತು, ಬಾಟಲಿ ಗೊಳಕ್ ಎಂದಿತು. ಕಪ್ಪು ಲೋಳೆ ಮೆತ್ತಿದ ಬಟ್ಟೆ ಚೂರೊಂದು ಅವರ ಕತ್ತಿನ ಮೇಲೆ ಬಿತ್ತು. ಎತ್ತಿ ನೋಡಿದರು.

"ಇದು ನನ್ ನೈಟಿ ಅಲ್ವಾ?"

ಸರೋಜಮ್ಮ ಚೂರನ್ನು ಮೂಸಿ ನೋಡಿ, ಬಾಟಲಿಯೊಳಗೆ ಕಣ್ಣಿಟ್ಟು ನೋಡಿದರು.

"ಇದ್ನ ಯಾವತ್ತಾದ್ರೂ ತೊಳ್ದಿದ್ರಾ?"

"ಎತ್ತಿ ಕುಡಿಯೋ ಬಾಟ್ಲಿ ಕಣೇ, ಸರೋಜ..."

ಬೈಗುಳ ಬರುತ್ತದೆಂದು ನಂಜುಂಡಸ್ವಾಮಿಯವರು ಕಾದರು. ಬೈದರೆ ಬದುಕಿದೆ ಎಂದುಕೊಂಡಿದ್ದರು. ಸರೋಜಮ್ಮ ಬೈಯಲೇ ಇಲ್ಲ.

"ಈ ಕೂಸಿನ್ ಮೇಲೆ ಹೇಳ್ಬುಟ್ರಲ್ರೀ," ಎಂದಷ್ಟೇ ಅಂದು ಗೋಡೆ ಕಡೆ ತಿರುಗಿ ಮಲಗಿದರು.

ಆ ಬಾಟಲಿ ನಿಂತ ಮೇಲೆ ಭೇದಿಯೂ ನಿಂತಿತು. ಡಾಕ್ಟರು ಮನೆಗೆ ಹೋಗಬಹುದು ಎಂದ ಬೆಳಿಗ್ಗೆ ನಂಜುಂಡಸ್ವಾಮಿಯವರು ಇಡೀ ಮನೆ ಗುಡಿಸಿ ಒರೆಸಿ, ಇದ್ದಬದ್ದ ಪಾತ್ರೆಯನ್ನೆಲ್ಲ ಒಳಗೂ ಹೊರಗೂ ಉಜ್ಜಿಟ್ಟು, ಆಟೋ ಹಿಡಿದು ಓಡಿದರು. ಆಸ್ಪತ್ರೆ ಬಾಗಿಲಲ್ಲಿ ಸರೋಜಮ್ಮ ಆಗಲೇ ದಿಲೀಪನ ಕಾರಿನಲ್ಲಿ ಕುಳಿತಿದ್ದರು.

"ಸ್ವಲ್ಪ ದಿನ ಬೋಗಾದೀಲಿ ಇರ್ತೀನಿ, ಬುಡಿ," ಎಂದರು.

"ಮನೆಯೆಲ್ಲ ತೊಳ್ದಿಟ್ಟಿದೀನಿ ಕಣೇ."

"ತೊಳೀರಿ. ಅಭ್ಯಾಸ ಆಗ್ಲಿ."

ನಂಜುಂಡಸ್ವಾಮಿಯವರು ಮಗನ ಕಡೆ ನೋಡಿದರು; ಅವನು ರಸ್ತೆ ನೋಡುತ್ತಿದ್ದ. ಇನ್ನು ಕೇಳುವುದಕ್ಕೆ ಉಳಿದವಳು ಒಬ್ಬಳೇ.

"ಸಿಂಚನ, ನಾನು ಬಂದು ನೋಡ್ಕೊಂಡು ಹೋಗ್ಬೋದೇನಮ್ಮ?"

ಅವಳು ಅತ್ತೆಯ ಸೆರಗನ್ನು ಒಳಗೆ ಸರಿಸಿ ಕಾರಿನ ಬಾಗಿಲು ಹಾಕಿದಳು.

"ದಿನಾ ಬನ್ನಿ ಮಾವ. ಆದ್ರೆ ಬರಿಗೈಲಿ ಬನ್ನಿ."