ಮಾಳಿಗೆಯ ಮೆಂತ್ಯ ಮತ್ತು ನನ್ನ ಕಬ್ಬಿನ ಕೈ

ನನಗೊಂದು ಕೆಟ್ಟ ಚಾಳಿಯಿದೆ, ಒಪ್ಪಿಕೊಂಡುಬಿಡುತ್ತೇನೆ. ಯಾವುದನ್ನೂ ಹೇಳಿದಷ್ಟೇ ಹಾಕಲಾರೆ. ನಾವು ಕೊಣ್ಣೂರಿನ ಕಬ್ಬಿನ ಮನೆತನದವರು. ಎಕರೆಗೆ ಎರಡು ಚೀಲ ಗೊಬ್ಬರ ಎಂದರೆ ಮೂರು ಸುರಿದು, "ಇರ್ಲಿ ಬಿಡೋ, ಭೂಮಿತಾಯಿ ಉಣ್ಲಿ" ಎನ್ನುವುದು ನಮ್ಮಲ್ಲಿ ವಾಡಿಕೆ. ಘಟಪ್ರಭಾದಲ್ಲಿ ಇಷ್ಟು ವರ್ಷ ವಿಜ್ಞಾನದ ಮಾಸ್ತರಿಕೆ ಮಾಡಿದರೂ ಈ ಕೈ ಸುಧಾರಿಸಿಲ್ಲ.

ಮನೆಯ ಮಾಳಿಗೆಯ ಮೇಲೆ, ಬಿಸಿಲಿಗೆ, ಪೈಪು ಜೋಡಿಸಿ, ಮಣ್ಣಿಲ್ಲದೆ ಬರೀ ನೀರಿನಲ್ಲಿ ಮೆಂತ್ಯ ಬೆಳೆಯತೊಡಗಿದೆ. ಮಣ್ಣಿಲ್ಲದ ಮೇಲೆ ಗಿಡ ಉಣ್ಣುವುದೆಲ್ಲ ನೀರಿಗೆ ಬೆರೆಸಿದ ಲವಣಗಳನ್ನೇ. ಸಾರಜನಕ ಕಡಿಮೆಯಾದರೆ ಎಲೆ ಹಳದಿ, ಲವಣ ಹೆಚ್ಚಾದರೆ ಎಲೆಯಂಚು ಸುಡುತ್ತದೆ. ಬೋರ್ಡಿನ ಮೇಲೆ ಇದನ್ನು ಚೆಂದಾಗಿ ಬರೆಯಬಲ್ಲೆ. ಪೈಪಿಗೆ ನೀರು ಬಿಡುವ ಟಾಕಿಯ ಮುಂದೆ ನಿಂತಾಗ ಮಾತ್ರ ಚಮಚ ಬಿಟ್ಟು ಹಿಡಿ ಹಿಡಿಯಾಗಿ ಲವಣ ಸುರಿಯುತ್ತಿದ್ದೆ. ಎಲೆಗಳು ಕಡುಹಸಿರಾಗಿ, ಅಂಚಿಗೆ ಇಸ್ತ್ರಿ ತಾಗಿದ ಹಾಗೆ ಕಂದಿ ಬಂದವು. ರೊಟ್ಟಿಯ ಜೊತೆ ಹಸಿ ಮೆಂತ್ಯ ತಿನ್ನುವ ಸೀಮೆ ನಮ್ಮದು. ಒಗ್ಗರಣೆ ಹಾಕಿ ತಪ್ಪು ಮುಚ್ಚುವಂತಿಲ್ಲ. ಹೆಂಡತಿ ಶಾಂತಾ ಒಂದೆಲೆ ಕಡಿದು ಉಗಿದಳು.

"ಏನ್ರಿ ಇದು, ಬರೇ ಕಹಿ! ಶ್ಯಾವಿಗಿ ಮಾಡಾಕ ಮುಂದಿನ ತಿಂಗಳ ನಮ್ಮವ್ವ ಬರಾಕತ್ತಾಳ. ಆಕಿ ಇದನ್ನ ಹಸೇದ ತಿಂದ್ರ ನಿಮ್ಮ ಪೈಪ್ ಇರ್ಲಿ. ಇಲ್ಲಾಂದ್ರ ಮಾಳಿಗಿ ಶ್ಯಾವಿಗಿ ಒಣಸಾಕ ಬಿಡ್ರಿ."

ಅತ್ತೆ ನಾಗನೂರಿನವರು. ಹೊಲದ ಮೆಂತ್ಯ ತಿಂದು ಪಳಗಿದ ನಾಲಿಗೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆ ಪೈಪುಗಳೆಂದರೆ ನನಗೆ ಪ್ರಾಣ. ಹಳೆಯದನ್ನೆಲ್ಲ ಕಿತ್ತು ಹೊಸ ಬೀಜ ಹಾಕಿದೆ. ಬೀಜ ಹೊಸದು, ಹಾಕುವ ಕೈ ಅದೇ. ಆದರೂ ಮೂರು ವಾರಕ್ಕೆ ಎಂಥ ಎಲೆ ಬಂತು ಅಂತೀರಿ! ಎಳೆಯದು, ಅಂಚಿನಲ್ಲಿ ಒಂದು ಕಲೆಯಿಲ್ಲ.

ಹೇಳಿದಂತೆ ಬಂದ ಅತ್ತೆ ರೊಟ್ಟಿ ಮುರಿದು, ಗುರೆಳ್ಳು ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಎಣ್ಣೆ ಕಲಸಿ, ಎರಡೆಲೆ ಬಾಯಿಗಿಟ್ಟರು. ಅವರ ಕೈ ಮತ್ತೆ ಮೆಂತ್ಯದ ಕಡೆಗೇ ಹೋಯಿತು.

"ಛಲೋ ಐತಿ. ಏನ್ ಹಾಕಿದ್ರಿ ಇದಕ್ಕ?"

ಇಂಥ ಪ್ರಶ್ನೆಗೆಂದೇ ಹುಟ್ಟಿದವನು ನಾನು. ಸಾರಜನಕದಿಂದ ಶುರುಮಾಡಿ ಪೊಟ್ಯಾಷ್‌ವರೆಗೆ ಬಂದಿದ್ದೆ. ಶಾಂತಾ ಅವ್ವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, "ಅವ್ವಾ, ಇವ್ರು ಸಾಲಿಗೆ ಹೋದ ಮ್ಯಾಲ ದಿನಾ ಟಾಕಿಯಿಂದ ಒಂದ್ ಕೊಡಾ ತಗದು ಚೆಲ್ಲಿ, ನಾನ ಬರೇ ನೀರು ಹಾಕತಿದ್ನಿ. ಸಾರಿಗೆ ಉಪ್ಪು ಹೆಚ್ಚಾದ್ರ ಮತ್ತೇನ್ ಮಾಡ್ತಾರ?" ಅಂದಳು.

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಇನ್ನೊಂದ್ ಹಿಡಿ ಹಾಕ್ತಿದ್ರಿ."

ಖರೆ, ಹಾಕುತ್ತಿದ್ದೆ.

ಪೈಪುಗಳು ಉಳಿದವು. ಅವುಗಳ ನಡುವೆಯೇ ಶ್ಯಾವಿಗೆಯೂ ಒಣಗಿತು. ಈಗ ಲವಣ ಬೆರೆಸುವುದೆಲ್ಲ ಶಾಂತಾಳೇ. ಹೊಸದಾಗಿ ಹಾಕಿದ ಪಾಲಕ್ ಎರಡೆಲೆ ಬಿಟ್ಟಿದೆ, ಚೆನ್ನಾಗಿಯೇ ಬರುತ್ತದೆ ಎಂದು ನನಗೆ ಧೈರ್ಯವಿದೆ. ಊರಿಗೆ ಹೊರಟ ಅತ್ತೆ ಒಂದು ಸೂಡು ಮೆಂತ್ಯ ಕಟ್ಟಿಕೊಂಡು, ಮಗಳ ಬೆನ್ನು ಸವರಿ, "ಛಲೋ ಬೆಳಸಿದಿ ನೋಡವ್ವಾ" ಅಂದರು. ಬಸ್ಸಿನವರೆಗೆ ಚೀಲ ಹೊತ್ತವನು ನಾನು.